ಕಮಲಾಪುರದ ಸಮುದ್ರಪಕ್ಷಿ ಮತ್ತು ನಮ್ಮ ಭಾವನವರು

"ಅವರು ಭಾನುವಾರಕ್ಕೊಮ್ಮೆ ಕಮಲಾಪುರಕ್ಕೆ ಹೋಗುವುದು ಕದ್ದು ಹುರಿದ ಮೀನು ತಿನ್ನಲಿಕ್ಕೆ!"

ನಮ್ಮ ಭಾವನವರ, ಅಂದರೆ ನನ್ನ ಅಕ್ಕನ ಯಜಮಾನರ ಬಗ್ಗೆ, ಕಲಬುರಗಿಯ ಐವಾನ್-ಎ-ಶಾಹಿ ಕಡೆಯ ನಮ್ಮ ಓಣಿಯಲ್ಲಿ ಕ್ಷೌರದಂಗಡಿಯಿಂದ ಮಠದ ಕಟ್ಟೆಯವರೆಗೆ ಒಪ್ಪಿತವಾಗಿರುವ ಇತಿಹಾಸ ಇದು. ಅವರು ಅಲ್ಲಿಂದ ಕೆಂಪು ಬಾಳೆಹಣ್ಣು ತರುವುದೂ ಬಾಯಿಯ ವಾಸನೆ ಮುಚ್ಚಲಿಕ್ಕಂತೆ! ಎಲ್ಲರೂ ಹೇಳುತ್ತಾರೆಂಬ ಒಂದೇ ಕಾರಣಕ್ಕೆ ಒಂದು ಮಾತು ನಿಜವಾಗುವುದಾದರೆ, ವಿಚಾರಣೆ ಎಂಬ ಪದವಾದರೂ ಏಕೆ ಬೇಕು? ನಾನು ಸ್ಥಳಕ್ಕೇ ಹೋಗಿ ಪರೀಕ್ಷಿಸಿದ್ದೇನೆ. ಈ ಇತಿಹಾಸ ಶುದ್ಧ ಸುಳ್ಳು. ನಿಜ ಅದಕ್ಕಿಂತ ವಿಚಿತ್ರ!

ಭಾವನವರು ನಿವೃತ್ತ ಸಂಸ್ಕೃತ ಮಾಸ್ತರರು. ಏಕಾದಶಿಯ ದಿನ ನೀರನ್ನೂ ಯೋಚಿಸಿ ಕುಡಿಯುವವರು. ಈರುಳ್ಳಿ ಗಾಡಿ ಎದುರಾದರೆ ರಸ್ತೆಯ ಆಚೆ ಬದಿಗೆ ದಾಟುವವರು. ಇಂಥವರು ಒಂದು ದಿನ ಟಿ.ವಿ.ಯಲ್ಲಿ ಸಮುದ್ರಪಕ್ಷಿಗಳನ್ನು ಕಂಡರು. ರೆಕ್ಕೆ ಮಡಚಿ, ಆಕಾಶದಿಂದ ಬಾಣದಂತೆ ಇಳಿದು, ಕಡಲೊಳಗೆ ಮಾಯವಾಗಿ, ಮೀನು ಕಚ್ಚಿ ಮೇಲೇಳುವ ಹಕ್ಕಿಗಳು. ಅವುಗಳ ಬೇಟೆ ಮತ್ತು ಮುಳುಗಾಟದ ಅಧ್ಯಯನವೇ ತಮ್ಮ ಉಳಿದ ಆಯುಷ್ಯದ ಕಾರ್ಯವೆಂದು ಅಂದೇ ಘೋಷಿಸಿಬಿಟ್ಟರು.

"ಭಾವನವರ, ಕಲಬುರಗಿಗೆ ಸಮುದ್ರ ಎಲ್ಲಿಂದ ಬಂತ್ರೀ?" ಎಂದೆ.

"ಸಮುದ್ರ ಇಲ್ಲದಿದ್ರೇನಾತು? ಅದರ ಬೀಗರು ಇದ್ದಾರಲ್ಲ!"

ಬೀಗರೆಂದರೆ ಕಮಲಾಪುರದ ಕಡೆಯ ಒಂದು ಕೆರೆಯ ನೀರುಕಾಗೆಗಳು. ನಮ್ಮ ಜನ ಸೊಲ್ಲಾಪುರದಲ್ಲೂ ಇರುವ ಹಾಗೆ ಇವುಗಳ ಬಳಗ ಕಡಲಲ್ಲೂ ಇದೆಯಂತೆ. ಮುಳುಗಿ ಉಣ್ಣುವ ಮನೆತನವಂತೆ. ಒಣ ಕೊಂಬೆಯ ಮೇಲೆ ತೊಯ್ದ ರೆಕ್ಕೆ ಹರವಿ ಕೂರುವ ಆ ಕಪ್ಪು ಹಕ್ಕಿಯನ್ನು ಭಾವನವರು, "ಮಡಿ ಒಣಗಿಸಲಿಕತ್ತಾರ," ಎಂದು ಬಹುವಚನದಲ್ಲಿಯೇ ಗೌರವಿಸುತ್ತಿದ್ದರು!

ಆದರೆ ಹಕ್ಕಿ ಹಿಡಿದ ಮೀನು ಯಾವುದು? ತಲೆ ಮೊದಲು ಮಾಡಿ ಗುಳುಂ ಎಂದು ನುಂಗಿದರೆ ಗುರುತಿಸುವುದು ಹೇಗೆ? ಒಂದು ಮೀನಿನ ಹೆಸರೂ ತಿಳಿಯದ ನಮ್ಮ ಸಂಶೋಧಕರು, ಮೂಗಿಗೆ ಹೆಗಲ ಮೇಲಿನ ಉಪರಣೆ ಹಿಡಿದು, ನೇರವಾಗಿ ಮೀನು ಮಾರುಕಟ್ಟೆಗೆ ನಡೆದರು.

"ಕೌನ್ಸಾ ಹೋನಾ, ಮಾಸ್ಟರ್ ಸಾಬ್?" ಯಾವುದು ಬೇಕೆಂದು ಕೇಳಿದಳಂತೆ ಮೀನು ಮಾರುವಾಕೆ.

"ತೊಗೊಳ್ಳೂದಿಲ್ಲಮ್ಮಾ. ಬರೇ ಮುಖ ನೋಡಿ ಹೋಗ್ತೀನಿ."

"ಯಾ ಅಲ್ಲಾ! ಮೀನು ನೋಡಾಕ ಬಂದೀರೋ, ಹೆಣ್ಣು ನೋಡಾಕ ಬಂದೀರೋ?"

ಇಡೀ ಮಾರುಕಟ್ಟೆ ನಕ್ಕಿತು. ನಕ್ಕವರಲ್ಲಿ ನಮ್ಮ ಓಣಿಯವನೂ ಒಬ್ಬನಿದ್ದ. ಇತಿಹಾಸ ಹುಟ್ಟಿದ್ದು ಹೀಗೆ. ಓಣಿಯ ಮಾತನ್ನಾದರೂ ಅಕ್ಕ ತಳ್ಳಿಹಾಕುತ್ತಿದ್ದಳೇನೋ. ಆದರೆ ಅಂದು ಸಂಜೆ ಭಾವನವರ ಧೋತರದ ಅಂಚಿನಲ್ಲಿ ಮೀನಿನ ಮೈಯ ಹುರುಪೆಯೊಂದು ಬೆಳ್ಳಿಯಂತೆ ಹೊಳೆಯಿತು! "ಬರೇ ಮುಖ ನೋಡಿ ಬಂದೆ," ಎಂದರೆ ನಂಬುವವರಾರು? ಉಬ್ಬಸದ ಅಕ್ಕ ತನ್ನ ದಮ್ಮಿನ ಪಂಪನ್ನು ಬಾಯಿಗಿಟ್ಟು ಒಮ್ಮೆ ಎಳೆದುಕೊಂಡು ತೀರ್ಪು ಕೊಟ್ಟಳು:

"ಇನ್ನ ನಿಮ್ಮ ತಾಟು ಪಡಸಾಲಿಗೇ ಬರ್ತದ."

ಮದುವೆಯಾದಂದಿನಿಂದ ಅವಳ ಒಲೆಯ ಪಕ್ಕದಲ್ಲೇ ಕುಳಿತು ಉಂಡವರು ಪಡಸಾಲೆಯಲ್ಲಿ ಒಬ್ಬರೇ ಉಣ್ಣತೊಡಗಿದರು. ಭಾನುವಾರದ ಪ್ರಯಾಣ ಮಾತ್ರ ನಿಲ್ಲಲಿಲ್ಲ. ಕೊನೆಗೆ ಅಕ್ಕ ನನ್ನನ್ನು ಕರೆದಳು.

"ತಮ್ಮಾ, ನೀನರ ಹೋಗಿ ನೋಡಿ ಬಾ. ತಿಂದಾರಂದ್ರ ತಿಂದಾರಂತನ ಹೇಳು. ಮಂದಿ ಬಾಯಿಂದ ಕೇಳೂದು ಸಾಕಾಗ್ಯದ."

ಹೋದೆ. ಬಸ್ಸು ಕಪನೂರ ದಾಟುತ್ತಲೇ ಭಾವನವರು ಕಿಟಕಿಯಿಂದ ಆಕಾಶ ತಪಾಸಣೆ ಆರಂಭಿಸಿದರು. ಕೆರೆಯ ಏರಿಯ ಮೇಲೆ ಕುಳಿತೆವು. ಹಕ್ಕಿಯೊಂದು ಮುಳುಗಿತು. ಭಾವನವರು ತಕ್ಷಣ ಬಾಯಿ ಬಿಗಿದು ಮೂಗು ಹಿಡಿದರು! ಹಕ್ಕಿ ಏಳದು, ಇವರು ಉಸಿರಾಡರು. ಅವರ ಮುಖ ಕಮಲಾಪುರದ ಬಾಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಪಕ್ಕದಲ್ಲಿ ಮೋಟಾರ್‌ಸೈಕಲ್ ತೊಳೆಯುತ್ತಿದ್ದವನು, "ಅಯ್ಯಯ್ಯೋ, ಮುತ್ಯಾಗ ಏನೋ ಆಗ್ಯದ ರೀ!" ಎಂದು ಓಡಿಬಂದು ಬೆನ್ನಿಗೊಂದು ಗುದ್ದಿದ. ಆಗಲೂ ಬಿಡಬೇಕಲ್ಲ! ದೂರದಲ್ಲಿ, ನಾನು ನೋಡದೇ ಇದ್ದ ಕಡೆ, ಹಕ್ಕಿ ತಲೆ ಎತ್ತಿದ ಮೇಲೆಯೇ ಅವರ ಉಸಿರು ಹೊರಬಂತು.

"ಮುಳುಗಿದಲ್ಲೇ ಕಣ್ಣು ನೆಟ್ಟು ಕೂತಿ ಅಂದ್ರ, ಸತ್ತೇ ಹೋತು ಅಂತಿ. ಅದು ಏಳೂದು ಬ್ಯಾರೆ ಕಡೆ," ಎಂದರು ಏದುಸಿರು ಬಿಡುತ್ತ.

"ಅದು ಮುಳುಗಿದ್ರ ನೀವ್ಯಾಕ ಉಸಿರು ಹಿಡೀತೀರಿ?"

ಅವರು ಉಪರಣೆಯಿಂದ ಮುಖ ಒರೆಸಿಕೊಂಡರು.

"ನಿಮ್ಮ ಅಕ್ಕಗ ದಮ್ಮು ಎದ್ದಾಗ ಅಕಿ ಒಂದೊಂದು ಉಸಿರಿಗೆ ಬಡದಾಡ್ತಾಳ. ನಾ ಬಾಜೂಕ ಕೂತು ಆರಾಮ ಉಸಿರಾಡಕೋತ ಇರ್ತೀನಿ. ಏನು ಮಾಡ್ಲಿ ಹೇಳು? ಇಲ್ಲಿ ಈ ಪ್ರಾಣಿ ಉಸಿರಿಲ್ಲದ ಒಳಗ ಹೋಗ್ತದ, ತಿರುಗಿ ಬರ್ತದ. ಅದು ಬರೂದು ನೋಡಿ ಹೋದ್ರ ನನಗ ವಾರ ನಡೀತದ. ಅಕಿಗಿ ಹೇಳಬ್ಯಾಡ ಮತ್ತ. ನಾ ಅಂಜೀನಿ ಅಂತ ತಿಳಿದ್ರ ಅಕಿ ಧೈರ್ಯ ಹೋಗ್ತದ."

ನಾನು ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಹೇಳಬೇಡವೆಂದರೆ ಕೇಳುವ ಸ್ವಭಾವ ನನಗೆ ಎಂದಾದರೂ ಇತ್ತೇ? ಅವಳು ಪಡಸಾಲೆಯಲ್ಲಿದ್ದ ತಾಟನ್ನು ಎತ್ತಿ ಒಲೆಯ ಪಕ್ಕಕ್ಕೆ ತಂದಿಟ್ಟಳು.

ಓಣಿ ಈಗಲೂ ಹಳೆಯ ಕಥೆಯನ್ನೇ ಹೇಳುತ್ತದೆ. ನನ್ನ ಮಾತನ್ನೂ ಯಾರೂ ನಂಬಬೇಕಿಲ್ಲ. ಯಾವ ಭಾನುವಾರವಾದರೂ ಬೆಳಿಗ್ಗೆ ಆ ಕೆರೆಯ ಏರಿಗೆ ಬನ್ನಿ. ಜೀವಂತ ಸಾಕ್ಷಿ ಅಲ್ಲೇ ಕುಳಿತಿರುತ್ತಾಳೆ: ಮಡಿಲಲ್ಲಿ ಅವಲಕ್ಕಿಯ ಡಬ್ಬಿ, ಮುಷ್ಟಿಯಲ್ಲಿ ದಮ್ಮಿನ ಪಂಪು. ಹಕ್ಕಿ ಮುಳುಗುತ್ತದೆ. ಭಾವನವರ ಮುಖ ಕೆಂಪೇರುತ್ತದೆ. ಅಕ್ಕ ನೀರಿನ ಮತ್ತೊಂದು ಬದಿಯನ್ನೇ ನೋಡುತ್ತಿದ್ದು, ಅವರ ಮೊಣಕೈ ತಿವಿಯುತ್ತಾಳೆ:

"ಅಲ್ಲಿ ಎದ್ದದ ನೋಡ್ರಿ. ಇನ್ನ ಉಸಿರು ಬಿಡ್ರಿ."