ಹೆಣ್ಣು ನೋಡಲು ಬಂದವರು ಹುಣಸೆಮರದ ಗುಂಡಿಯಿಂದ ಹಿಂತಿರುಗಿದ ಬಗ್ಗೆ

ಇಂದ:
ಈರಲಿಂಗಪ್ಪ, ಕಡಲೆಕಾಯಿ ಮಂಡಿಯಲ್ಲಿ ತೂಕ ಹಾಕುವವನು,
ಕೆರೆ ಆಚೆಯ ಊರು, ಕಲ್ಯಾಣದುರ್ಗದ ದಾರಿ.

ಗೆ:
ಸದರಿ ಊರಿನ ರಸ್ತೆ ಯಾರ ಲೆಕ್ಕಕ್ಕೆ ಬರುತ್ತದೋ ಆ ಸಾಹೇಬರಿಗೆ.

ವಿಷಯ: ರಸ್ತೆಯ ಗುಂಡಿಯಿಂದ ಅರ್ಜಿದಾರನ ಮಗಳ ಮದುವೆ ನಿಂತಿರುವ ಬಗ್ಗೆ.

ಉಲ್ಲೇಖ: ತೆಲುಗಿನಲ್ಲಿ ಕೊಟ್ಟಿದ್ದ ಹಿಂದಿನ ಅರ್ಜಿ. ಅದಕ್ಕೆ ಉತ್ತರ ಬಾರದ ಕಾರಣ ಇದು ಕನ್ನಡದಲ್ಲಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಈರಲಿಂಗಪ್ಪನು ತಲೆ ಚಚ್ಚಿಕೊಂಡು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಈತನ ಮಗಳು ವರಲಕ್ಷ್ಮಿಯೂ ಸೋಮಂದೇಪಲ್ಲಿಯ ರಾಮಾಂಜಿನೇಯನೂ ಹಿಂದೂಪುರದ ಒಂದೇ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತ ಒಬ್ಬರನ್ನೊಬ್ಬರು ಒಪ್ಪಿರುತ್ತಾರೆ. ಹುಡುಗನ ತಾಯಿ ಉಡುಸಲಮ್ಮನವರು ಮನೆಗೆ ಬಂದು ಹೂ ಮುಡಿಸುವುದೊಂದೇ ಬಾಕಿ. ಆದರೆ ಮನೆಗೆ ಬರಬೇಕಲ್ಲ!

೨. ಮೊದಲ ಸಲ ಅವರ ಆಟೋದ ಆಕ್ಸಲ್ ಊರ ರಸ್ತೆಯ ಹುಣಸೆಮರದ ಬಳಿಯ ಸದರಿ ಗುಂಡಿಯಲ್ಲಿ ಮುರಿಯಿತು. ಎರಡನೇ ಸಲ ಜೀಪು ಹೂತುಕೊಂಡು, ಮಡಿಲಲ್ಲಿದ್ದ ಹೂವು ಹಣ್ಣಿನ ತಟ್ಟೆ ಕೆಸರಿಗೆ ಬಿತ್ತು. "ಎರಡ್ ಸಲಾನೂ ಅಡ್ಡ ಬಂತಲ್ಲಪ್ಪ! ಈ ಸಂಬಂಧ ದೇವ್ರಿಗೇ ಇಷ್ಟ ಇಲ್ಲ ಕಣಪ್ಪ, ನಾವು ಹೋಯ್ತೀವಿ" ಎಂದು ಉಡುಸಲಮ್ಮನವರು ಹೊಸಿಲು ಮೆಟ್ಟದೆಯೇ ಹಿಂತಿರುಗಿದರು. "ಅದು ಶಕುನ ಅಲ್ಲ ಕಣಮ್ಮ, ರೋಡು!" ಎಂದು ಈತ, ಗುಂಡಿಯಿಂದ ಎತ್ತಿದ ಜೀಪಿನ ಹಿಂದೆ ಓಡುತ್ತ ಕೂಗಿದ್ದು ವ್ಯರ್ಥವಾಯಿತು.

೩. ಕೆರೆ ದಾಟಿಸಿ ಕರೆತರೋಣವೆಂದರೆ, ರಸ್ತೆ ಬಂತೆಂಬ ಕಾರಣಕ್ಕೆ ಹರಿಗೋಲು ನಿಲ್ಲಿಸಲಾಗಿದೆ. ರಸ್ತೆ ಹೋಯಿತೆಂಬ ಕಾರಣಕ್ಕೆ ಮತ್ತೆ ಬಿಟ್ಟಿರುವುದಿಲ್ಲ. ಅಂಬಿಗ ಮುತ್ಯಾಲಪ್ಪನವರ ಹರಿಗೋಲು ಬೋರಲು ಬಿದ್ದು, ಒಳಗೆ ಕೋಳಿ ಕಾವಿಗೆ ಕೂತಿದೆ.

೪. ಆದ್ದರಿಂದ ಈತನ ಹೆಂಡತಿ ಬೀರಕ್ಕ "ಗುಂಡಿಗಾದ್ರೂ ಶಾಂತಿ ಮಾಡಾಣ" ಎಂದು ಪಕ್ಕದಲ್ಲೊಂದು ಕಲ್ಲು ನೆಟ್ಟು, ಅರಿಶಿನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ದಾರಿಹೋಕರೆಲ್ಲ ಅಲ್ಲಿ ಕೈಮುಗಿಯತೊಡಗಿದರು. ಆ ಕಾರಣ, ಕೊನೆಗೂ ಜಲ್ಲಿ ಲಾರಿಯೊಡನೆ ಬಂದ ತಮ್ಮ ಇಲಾಖೆಯ ಮೇಸ್ತ್ರಿ ಪೋತಪ್ಪನವರು ಚಪ್ಪಲಿ ಬಿಟ್ಟು ಅಡ್ಡಬಿದ್ದು, "ಅಮ್ಮೋರು ಕೂತವ್ಳೆ! ನಾನ್ ಮುಟ್ಟಕಿಲ್ಲ, ನಾಕೊದ್ದು ಸಾಮೀ, ನಂಗ್ ಬ್ಯಾಡ!" ಎಂದು ಲಾರಿ ತಿರುಗಿಸಿಕೊಂಡು ಹೋದರು.

೫. ಕಲ್ಲು ಕೀಳೋಣವೆಂದರೆ ಈಗ ಬೀರಕ್ಕನಿಗೇ ಭಯ. ವರಲಕ್ಷ್ಮಿ ಸರಿಯಾಗಿ ಉಣ್ಣುತ್ತಿಲ್ಲ. "ನಾನೇ ನಡ್ಕಂಡೋಗಿ ಅವರ ಮನೇಲಿ ಕೂತ್ಕಂಬುಡ್ತೀನಿ ಅಪ್ಪಯ್ಯ" ಎನ್ನುತ್ತಾಳೆ. ಇದು ಹೆತ್ತವರ ಸಂಕಟ ಸಾಹೇಬರೇ, ಅದಕ್ಕೆ ಕಚೇರಿ ಭಾಷೆಯಲ್ಲಿ ಮಾತಿಲ್ಲ. ಮಗನ ಕಾಟ ತಾಳಲಾರದೆ ಉಡುಸಲಮ್ಮನವರು ಈ ಶುಕ್ರವಾರ ಕಡೇ ಸಲ ಬರಲು ಒಪ್ಪಿದ್ದಾರೆ.

ಆದ್ದರಿಂದ, ಗುಂಡಿ ಮುಚ್ಚಿರೆಂದು ಅರ್ಜಿದಾರನು ಕೇಳುತ್ತಿಲ್ಲ. ಅಷ್ಟು ದೊಡ್ಡ ಆಸೆ ಅವನಿಗಿಲ್ಲ. "ಸದರಿ ಗುಂಡಿಯು ನಮ್ಮ ಇಲಾಖೆಯದು, ಇದರಲ್ಲಿ ದೈವದ ಕೈವಾಡ ಏನೂ ಇರುವುದಿಲ್ಲ" ಎಂದು ಸಹಿ, ಮೊಹರು ಹಾಕಿ ಶುಕ್ರವಾರದೊಳಗೆ ಒಂದು ದೃಢೀಕರಣ ಪತ್ರ ದಯಪಾಲಿಸಬೇಕಾಗಿ ಕೋರಿಕೆ.

ತಮ್ಮ ಮೇಲೆ ಇನ್ನೂ ವಿಶ್ವಾಸ ಉಳಿಸಿಕೊಂಡಿರುವ,
ಈರಲಿಂಗಪ್ಪ

ಲಗತ್ತು:
೧. ಮುರಿದ ಆಕ್ಸಲಿನ ಚೂರು.
೨. ಗುಂಡಿಯ ಫೋಟೋ, ಪೂಜೆಗೆ ಮುಂಚಿನದು.
೩. ಸದರಿ ಗುಂಡಿಯ ಪ್ರಸಾದ, ತೆಂಗಿನಕಾಯಿ ಅರ್ಧ ಹೋಳು.

ವಿ.ಸೂ.: ತಾವು ಖುದ್ದಾಗಿ ಬಂದು, ತಮ್ಮ ಜೀಪೂ ಅಲ್ಲೇ ಹೂತುಕೊಂಡರೆ, ಜನರೆದುರು ದಯವಿಟ್ಟು ಕೈ ಮುಗಿಯಬಾರದು.