ನಲವತ್ತು ಏಪ್ರನ್ನು, ಏಳು ಆ್ಯಪ್ಪು

"ಅಣ್ಣ, ಏಪ್ರನ್ ಹೇಗಿದೆ, ಎಷ್ಟು ಸ್ಟಾರ್ ಕೊಡ್ತೀರಿ ಅಂತ ನಿಮ್ಮ ಅಂಗಡಿಯಿಂದ ಆರು ಸಲ ಮೆಸೇಜ್ ಬಂತು. ಮೊದಲು ಏಪ್ರನ್ ಕಳಿಸು, ಸ್ಟಾರ್ ಆಮೇಲೆ ನೋಡೋಣ."

ತಂಗಿ ಫೋನಿನಲ್ಲಿ ಇಷ್ಟು ಹೇಳಿದ್ದೇನೂ ಅವಘಡವಲ್ಲ. ಸ್ಪೀಕರ್ ಆನ್ ಆಗಿದ್ದದ್ದು ಅವಘಡ. ಹೊಲಿಗೆ ಯಂತ್ರದ ಸದ್ದು ತಟ್ಟನೆ ನಿಂತಿತು. ಹೆಂಡತಿ ಕನ್ನಡಕದ ಮೇಲಿಂದ ನೋಡಿದಳು.

ಫೋನ್ ಹಿಡಿದಿದ್ದ ಯಜಮಾನರು ಇಪ್ಪತ್ತಾರು ವರ್ಷ ಕಾರ್ಖಾನೆಯೊಂದರ ಉಗ್ರಾಣ ಆಳಿದವರು. ಎರಡು ಸಹಿ ಬೀಳದೆ ಒಂದು ಬೋಲ್ಟು ಕೂಡ ಹೊಸ್ತಿಲು ದಾಟುವಂತಿರಲಿಲ್ಲ. ಹಾಗಾಗಿ ಊರೆಲ್ಲ ಅವರನ್ನು ಕರೆಯುವುದೇ 'ಡಬಲ್ ಸಹಿ' ಎಂದು. ಸ್ವಯಂ ನಿವೃತ್ತಿ ಪಡೆದು ಮನೆಗೆ ಬಂದವರ ಕಣ್ಣು ಹೆಂಡತಿಯ ಆನ್‌ಲೈನ್ ಏಪ್ರನ್ ಅಂಗಡಿಯ ಮೇಲೆ ಬಿತ್ತು. ಒಂದು ನೋಟ್‌ಬುಕ್ಕು, ಒಂದು ಫೋನು. ಇದೂ ಒಂದು ಆಡಳಿತವೇ! "ಇನ್ನು ಮೇಲೆ ನೀನು ಬರೀ ಹೊಲಿ. ಉಳಿದಿದ್ದು ನಂಗೆ ಬಿಡು" ಎಂದು ಘೋಷಿಸಿ, ಒಂದೇ ವಾರದಲ್ಲಿ ಏಳು ಹೊರಗಿನ ಆ್ಯಪ್‌ಗಳನ್ನು ತಂದು ಅಂಗಡಿಗೆ ಗಂಟುಹಾಕಿದರು. ಒಂದು ಸರಕು ಎಣಿಸಲು, ಒಂದು ಕೊರಿಯರ್ ಕರೆಯಲು, ಒಂದು ಗಿರಾಕಿಗಳಿಗೆ ಮೆಸೇಜ್ ಕಳಿಸಲು. ಮಿಕ್ಕ ನಾಲ್ಕು ಏನು ಮಾಡುತ್ತವೆಂದು ಅವರಿಗೂ ಗೊತ್ತಿರಲಿಲ್ಲ, ಬಿಟ್ಟಿ ಸಿಕ್ಕಿದ್ದವು.

ಈಗ ಕಂಪ್ಯೂಟರ್ ತೆರೆದರೆ ಹನ್ನೊಂದು ಆರ್ಡರ್‌ಗಳು ಐದು ದಿನದಿಂದ ಕದಲದೆ ಕೂತಿವೆ. ಅದರಲ್ಲಿ ಒಂದು ಶಿಶುವಿಹಾರದ್ದು, ನಲವತ್ತು ಪುಟ್ಟ ಏಪ್ರನ್ನು. ನಾಳೆ ಬೆಳಿಗ್ಗೆ ಅಲ್ಲಿ ಮಕ್ಕಳು ಗೋಡೆಗೆ ಬಣ್ಣ ಹಚ್ಚುವವರಿದ್ದರು. ಇವು ಚೆನ್ನಾಗಿದ್ದರೆ ತಮ್ಮ ಸಂಸ್ಥೆಯ ಇನ್ನೂ ಮೂರು ಶಾಲೆಗಳಿಗೆ ಬೇಕೆಂದು ಮುಖ್ಯೋಪಾಧ್ಯಾಯಿನಿ ಹೇಳಿದ್ದರು. ಹೆಂಡತಿ ಆ ಮಾತನ್ನು ನಂಬಿ ಎರಡನೇ ಯಂತ್ರಕ್ಕೆ ಮುಂಗಡ ಕೊಟ್ಟಾಗಿತ್ತು.

ಹುಡುಕಿದರೆ ರೋಗದ ಮೂಲ ಸಿಕ್ಕಿತು. ಕೊರಿಯರ್ ಆ್ಯಪ್ ಒಪ್ಪದೆ ಸರಕಿನ ಆ್ಯಪ್ ಮಾಲು ಬಿಡಬಾರದು. ಸರಕಿನ ಆ್ಯಪ್ ಬಿಡದೆ ಕೊರಿಯರ್ ಆ್ಯಪ್ ಗಾಡಿ ಕರೆಯಬಾರದು. ಎರಡು ಸಹಿ! ಬಾಗಿಲಲ್ಲಿ ನಿಂತ ಇಬ್ಬರು ಬೀಗರಂತೆ ಐದು ದಿನದಿಂದ ಅವು 'ತಾವು ಮೊದಲು, ತಾವು ಮೊದಲು' ಎನ್ನುತ್ತಲೇ ಇದ್ದವು. ಯಾರ ಸಹಿಯ ಹಂಗೂ ಇಲ್ಲದ ಮೆಸೇಜ್ ಆ್ಯಪ್ ಮಾತ್ರ ಸ್ಟಾರ್ ಕೇಳುತ್ತ ತಿರುಗುತ್ತಿತ್ತು.

"ಹೀಗ್ಯಾಕೆ ಮಾಡಿದ್ರಿ?"

"ಒಂದು ಭದ್ರತೆ ಇರಲಿ ಅಂತ."

"ಯಾರಿಂದ ರೀ ಭದ್ರತೆ? ಬಟ್ಟೆ ನಂದು, ಹೊಲಿದೋಳು ನಾನು. ಕದಿಯೋಕೆ ಸೂಜಿ ಬರುತ್ತಾ?"

ಮಾತು ನಾಟಿತು. ಅವರು ಆವೇಶದಲ್ಲಿ ಸರಕಿನ ಆ್ಯಪ್ಪನ್ನೇ ಕಿತ್ತೆಸೆದರು. ಎಣಿಸುವವನೇ ಹೋದ ಮೇಲೆ ಅಂಗಡಿ ತನ್ನಲ್ಲಿ ಸರಕೇ ಇಲ್ಲವೆಂದು ತಿಳಿಯಿತು. ಮೆಸೇಜ್ ಆ್ಯಪ್ಪಿಗೆ ಅಷ್ಟು ಸಾಕು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹನ್ನೊಂದೂ ಗಿರಾಕಿಗಳಿಗೆ 'ಕ್ಷಮಿಸಿ, ಮಾಲು ಮುಗಿದಿದೆ' ಎಂದು ಸಾರಿಬಿಟ್ಟಿತು.

ಹೆಂಡತಿ ಕಂಪ್ಯೂಟರನ್ನು ತನ್ನತ್ತ ತಿರುಗಿಸಿಕೊಂಡಳು. ಅವರು ಎದ್ದರು, ನಲವತ್ತು ಏಪ್ರನ್ನಿನ ಗಂಟನ್ನು ಹೆಗಲಿಗೇರಿಸಿದರು, ಬದುಕಿನಲ್ಲೇ ಮೊದಲ ಬಾರಿಗೆ ಒಂದು ಸಹಿಯೂ ಇಲ್ಲದೆ ಮಾಲನ್ನು ಹೊಸ್ತಿಲು ದಾಟಿಸಿ ಸ್ಕೂಟರ್ ಒದ್ದರು. ಶಿಶುವಿಹಾರದ ಬಾಗಿಲಲ್ಲಿ ಮುಖ್ಯೋಪಾಧ್ಯಾಯಿನಿ ಫೋನ್ ಹಿಡಿದು 'ಮಾಲು ಮುಗಿದಿದೆ' ಎಂಬುದನ್ನು ಇನ್ನೂ ಓದುತ್ತಿದ್ದರು. ಮಾಲು ಎದುರಿಗೇ ಏದುಸಿರು ಬಿಡುತ್ತ ನಿಂತಿತ್ತು!

ವಿಜಯಿಯಾಗಿ ಮನೆಗೆ ಮರಳುವಷ್ಟರಲ್ಲಿ ಹೆಂಡತಿ ಕೊರಿಯರ್‌ದೊಂದನ್ನು ಬಿಟ್ಟು ಉಳಿದ ಐದು ಆ್ಯಪ್‌ಗಳನ್ನು ಬಿಚ್ಚಿಹಾಕಿ, ಹತ್ತೂ ಗಿರಾಕಿಗಳಿಗೆ ತಾನೇ ಫೋನ್ ಮಾಡಿ, ಪಾರ್ಸೆಲ್‌ಗಳನ್ನು ಸಂಜೆಯ ಕೊರಿಯರ್ ಗಾಡಿಗೆ ಹತ್ತಿಸಿದ್ದಳು.

ಸೋಮವಾರ ಮುಖ್ಯೋಪಾಧ್ಯಾಯಿನಿಯ ಫೋನ್ ಬಂತು. ಮೂರೂ ಶಾಲೆಗೆ ತಲಾ ಐವತ್ತು ಏಪ್ರನ್ ಬೇಕಂತೆ. ಯಜಮಾನರು ಎದೆಯುಬ್ಬಿಸಿ ಫೋನಿನ ಹತ್ತಿರ ಬಂದು ಕೂತರು.

"ಮುಗಿದಿದೆ ಅಂತ ಮೆಸೇಜ್ ಬಂದ ಹತ್ತೇ ನಿಮಿಷಕ್ಕೆ ಮಾಲು ಬಾಗಿಲಿಗೇ ಬಂತಲ್ಲ. ನೀವು ಬಳಸೋದು ಯಾವ ಆ್ಯಪ್?" ಎಂದರು ಮುಖ್ಯೋಪಾಧ್ಯಾಯಿನಿ.

ಹೆಂಡತಿ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು:

"ಮದುವೆ ಜೊತೆಗೆ ಬಂದಿದ್ದು ಮೇಡಂ. ತೆಗೆಯೋಕೆ ಬಟನ್ ಇಲ್ಲ."