ಸತ್ತವನು ತಿಂದ ಐಸ್‌ಕ್ರೀಮು

ತುಂಬಿದ ಬಸ್ಸಿನಲ್ಲಿ "ಮುಂದೆ ಹೋಗಿ" ಎಂಬ ಒಂದೇ ಮಾತಿಗೆ ಜನಸಾಗರವನ್ನೇ ಸರಿಸುತ್ತಿದ್ದ ಕಂಡಕ್ಟರಿಗೆ, ಮನೆಯಲ್ಲಿ ಒಂದು ಕುರ್ಚಿ ಸರಿಸಲೂ ಹೆಂಡತಿಯ ಅಪ್ಪಣೆ ಬೇಕಿತ್ತು. ಗೋಡೆಯ ಬಣ್ಣ, ಕಿಟಕಿಯ ಪರದೆ, ಕೊನೆಗೆ ಅವರ ಕನ್ನಡಕದ ಫ್ರೇಮು ಕೂಡ ಆಕೆಯದೇ ಆಯ್ಕೆ. (ಮೂಗು ಮಾತ್ರ ಅವರ ಸ್ವಂತದ್ದು.)

ಹಾಗಾಗಿ, ಹರೆಯದಲ್ಲಿ ತಾವು ಮೆಚ್ಚಿ ಮೆರೆಸಿದ್ದ ಕೊಲೆ ಸಿನಿಮಾವೊಂದು ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಬರುತ್ತದೆಂದು ತಿಳಿದಾಗ ಅವರು ಪಣ ತೊಟ್ಟರು. ಈ ಒಂದು ವಿಷಯದಲ್ಲಾದರೂ ತಮ್ಮ ಅಭಿರುಚಿ ಗೆಲ್ಲಲೇಬೇಕು. ಹೆಂಡತಿಯನ್ನೂ ಅತ್ತೆಯನ್ನೂ ಸೋಫಾದ ಮೇಲೆ ಪ್ರತಿಷ್ಠಾಪಿಸಿ, ಸಿನಿಮಾ ಮುಗಿಯುವವರೆಗೆ ಯಾರೂ ತುಟಿ ಬಿಚ್ಚಕೂಡದೆಂದು ಕಟ್ಟಪ್ಪಣೆ ಮಾಡಿದರು. ಆಶ್ಚರ್ಯವೆಂದರೆ ಇಬ್ಬರೂ ಒಪ್ಪಿದರು.

ಪರದೆಯ ಮೇಲೆ ಘಟಾನುಘಟಿಗಳೇ ಇದ್ದರು. ನಾಯಕ ಹುಬ್ಬೇರಿಸಿದರೆ ಅತ್ತೆಯ ಉಸಿರು ನಿಲ್ಲುತ್ತಿತ್ತು. ಖಳನಾಯಕ ಸಿಗರೇಟು ಹಚ್ಚಿದಾಗ ಹೆಂಡತಿ ಎದ್ದು ಕಿಟಕಿ ತೆರೆದಳು.

ಕಷ್ಟ ಶುರುವಾದದ್ದು ಕಂಡಕ್ಟರಿಗೆ. ಮೊದಲ ದೃಶ್ಯದಲ್ಲೇ ಕೊಲೆಯಾಗಿದ್ದ ವಜ್ರದ ವ್ಯಾಪಾರಿ, ಮದುವೆಯ ದೃಶ್ಯದಲ್ಲಿ ಹಿಂದಿನ ಸಾಲಿನಲ್ಲಿ ಕೂತು ಐಸ್‌ಕ್ರೀಮು ತಿನ್ನುತ್ತಿದ್ದ. ನ್ಯಾಯಾಧೀಶರಿಗೆ ಹೆತ್ತ ಮಗನ ಗುರುತೇ ಸಿಗಲಿಲ್ಲ, ಅವನು ಮೀಸೆ ಅಂಟಿಸಿಕೊಂಡಿದ್ದನಂತೆ! ಹರೆಯದಲ್ಲಿ ನೋಡಿದಾಗ ಇದೆಲ್ಲ ಹೇಗೆ ಕಣ್ತಪ್ಪಿತು? (ಆಗ ಅವರ ಕಣ್ಣು ನಾಯಕಿಯನ್ನು ಬಿಟ್ಟು ಕದಲಿರಲಿಲ್ಲ.) ಇನ್ನೇನು ಹೆಂಡತಿ ನಗುತ್ತಾಳೆಂದು ಓರೆಗಣ್ಣಿನಿಂದ ನೋಡಿದರೆ, ಆಕೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಪ್ಪಣೆ ತಮ್ಮದೇ ಆದ್ದರಿಂದ ಕಂಡಕ್ಟರ್ ಹಲ್ಲು ಕಚ್ಚಿ ಕೂತರು.

ಸಿನಿಮಾ ಮುಗಿದಾಗ ಆಕೆ ನಿಟ್ಟುಸಿರು ಬಿಟ್ಟಳು. "ಒಪ್ಕೊಂಡೆ ಕಣ್ರೀ. ಇಂಥಾ ಸಿನಿಮಾ ನಾನು ನೋಡೇ ಇರ್ಲಿಲ್ಲ."

ಇಷ್ಟು ವರ್ಷ ಕಾದಿದ್ದ ಗೆಲುವು ತಾನಾಗಿ ಮಡಿಲಿಗೆ ಬಿದ್ದಿತ್ತು. ಸುಮ್ಮನಿದ್ದರೆ ಸಾಕಿತ್ತು. ಆದರೆ ಒಳಗೆ ಕುದಿಯುತ್ತಿದ್ದದ್ದು ಉಕ್ಕಿಯೇಬಿಟ್ಟಿತು.

"ಅಲ್ಲ ಕಣೇ, ಸತ್ತವನು ಐಸ್‌ಕ್ರೀಮು ತಿಂತಾನಲ್ಲೇ?"

"ತಿನ್ಲಿ ಬಿಡಿ, ಪಾಪ. ಎಷ್ಟು ಸಹಜವಾಗಿ ತಿಂದ ನೋಡಿದ್ರಾ?"

ಕಂಡಕ್ಟರ್ ಮೀಸೆಯ ವಿಷಯ ತೆಗೆದರು. ಹೆತ್ತಪ್ಪನ ಕಣ್ಣೀರು ಕಾಣದೆ ಬರೀ ಮೀಸೆ ಕಂಡಿತಲ್ಲ ಅಳಿಯಂದಿರಿಗೆ ಎಂದು ಅತ್ತೆ ಮಗಳ ಕಡೆ ತಿರುಗಿ ಮರುಗಿದರು. ಕಂಡಕ್ಟರೂ ಪಟ್ಟು ಬಿಡಲಿಲ್ಲ. ಟಿವಿ ತನ್ನ ಪಾಡಿಗೆ ಜಾಹೀರಾತು ತೋರಿಸುತ್ತಿರಲು, ದೃಶ್ಯ ದೃಶ್ಯವನ್ನೂ ಜಾಲಾಡಿ, ಅದು ತಲೆಬುಡವಿಲ್ಲದ ಸಿನಿಮಾ ಎಂದು ರಾತ್ರಿ ಊಟದ ಹೊತ್ತಿಗೆ ಸಾಧಿಸಿಯೇ ತೀರಿದರು.

ಹೆಂಡತಿ ಶಾಂತವಾಗಿ ಕೇಳಿಸಿಕೊಂಡಳು.

"ಆಯ್ತು ಬಿಡಿ, ನೀವು ಹೇಳಿದ್ದೇ ಸರಿ. ನಿಮ್ಮ ಆಯ್ಕೆ ಚೆನ್ನಾಗಿರಲ್ಲ. ಇನ್ಮುಂದೆ ಸಿನಿಮಾನೂ ನಾನೇ ಆರಿಸ್ತೀನಿ," ಎಂದವಳೇ ಮೊದಲು ಟಿವಿಯನ್ನು ಆರಿಸಿದಳು.